ಮಾರ್ಚಿಗೊಂದು ನಕ್ಷೆ, ಆಗಸ್ಟಿಗೊಂದು

ಕುಶಾಲನಗರದ ನಕ್ಷೆ ಬರೆಯುವವರು ಎರಡು ಪ್ರತಿ ಇಟ್ಟುಕೊಂಡಿರಬೇಕು. ಮಾರ್ಚಿಗೊಂದು, ಆಗಸ್ಟಿಗೊಂದು. ಮಾರ್ಚಿಯದರಲ್ಲಿ ಹೊಳೆಯ ನಡುವೆ ನೆಲ ಕಾಣುತ್ತದೆ, ಆಗಸ್ಟಿನದರಲ್ಲಿ ನೆಲದ ನಡುವೆ ಹೊಳೆ. ಮಾರ್ಚಿಯಲ್ಲಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿದರೆ ಕೊಡಗು ಜಿಲ್ಲೆಯಿಂದ ಮೈಸೂರು ಜಿಲ್ಲೆಗೆ, ಅಂದರೆ ಆಚೆ ದಡದ ಕೊಪ್ಪಕ್ಕೆ, ನಡೆದೇ ಹೋಗಬಹುದು. 2024ರ ಬೇಸಿಗೆಯಲ್ಲಂತೂ ಮಡಚುವ ಕಷ್ಟವೂ ಇರಲಿಲ್ಲ. ಕಾವೇರಿ ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿ ನೀರಾಗಿ ಕೂತಿದ್ದಳು. ಆಗಸ್ಟಿನ ಕಥೆಯೇ ಬೇರೆ. ಆಗ ಕೆಲವರಿಗೆ ಅಡುಗೆಮನೆಯಿಂದ ಹಾಲ್‌ಗೆ ಹೋಗಲೂ ತೆಪ್ಪ ಬೇಕು.

ಈ ಎರಡರಲ್ಲಿ ಸೀಲು ಬೀಳುವುದು ಮಾರ್ಚಿಯ ನಕ್ಷೆಗೆ ಮಾತ್ರ. ಸೈಟು ಮಾರಾಟವಾಗುವುದೂ ಅದರ ಮೇಲೆಯೇ. ನಾನೂ ಅದನ್ನು ನೋಡಿಯೇ ಕೊಂಡವನು.

ಅವತ್ತು ಬ್ರೋಕರ್ ಕಾರಿನಿಂದಿಳಿದು ಪೂರ್ವಕ್ಕೆ ಕೈ ಚಾಚಿದ. ನಡುನೀರಿನಲ್ಲಿ ಬಿದಿರುಮೆಳೆ ಹೊತ್ತ ಒಂದು ತಿಟ್ಟು. ಅದರ ತುದಿಯಲ್ಲಿ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ, ಒಗೆದ ಅಂಗಿ ಒಣಹಾಕಿದ ಹಾಗೆ ಬಿಸಿಲಿಗೆ ಹಿಡಿದು ಕೂತಿತ್ತು. “ವ್ಯೂ ನೋಡಿ ಸಾರ್. ಐಲ್ಯಾಂಡ್ ವ್ಯೂ. ಬೆಂಗ್ಳೂರಲ್ಲಿ ಕೋಟಿ ಸುರಿದ್ರೂ ಸಿಗಲ್ಲ” ಎಂದ. ಕನ್ವರ್ಷನ್ ಆಗಿದೆ, ಖಾತೆ ಕ್ಲಿಯರ್ ಇದೆ, ಲೋನ್ ಸಿಗುತ್ತದೆ ಎಂದೆಲ್ಲ ಹೇಳಿ ಮುಗಿಸಿದ. ನಾನು ಬೋರ್‌ವೆಲ್ ಮನಸ್ಸಿನಲ್ಲಿಟ್ಟುಕೊಂಡು, “ನೀರಿಗೇನೂ ತೊಂದರೆ ಇಲ್ವಾ?” ಎಂದು ಕೇಳಿದೆ.

“ನೀರಿಗಾ? ಮನೆ ಬಾಗ್ಲಿಗೇ ಬರುತ್ತೆ ಸಾರ್.”

ಸೈಟು ವ್ಯಾಪಾರದ ಇಡೀ ಚರಿತ್ರೆಯಲ್ಲಿ ಬ್ರೋಕರೊಬ್ಬನ ಬಾಯಿಂದ ಬಂದ ಪೂರ್ಣ ಸತ್ಯ ಅದೊಂದೇ ಇರಬೇಕು.

ಆ ತಿಟ್ಟು ಈಗ ಇಲ್ಲ. ಅದರ ಚರಿತ್ರೆ ಬರೆಯೋಣವೆಂದರೆ ಅದಕ್ಕೆ ಹೆಸರೂ ಇರಲಿಲ್ಲ, ಪಹಣಿಯೂ ಇರಲಿಲ್ಲ. ಕಾವೇರಿಗೆ ನಡುಗಡ್ಡೆ ಮಾಡುವ ಚಟ ಹಳೆಯದು. ಶ್ರೀರಂಗಪಟ್ಟಣದಲ್ಲಿ ಒಂದು ಮಾಡಿದಳು, ಆದಿರಂಗವಾಯಿತು. ಶಿವನಸಮುದ್ರದಲ್ಲಿ ಇನ್ನೊಂದು, ಮಧ್ಯರಂಗ. ತಮಿಳುನಾಡಿಗೆ ಹೋಗಿ ಶ್ರೀರಂಗದಲ್ಲಿ ಮತ್ತೊಂದು, ಅಂತ್ಯರಂಗ. ಮೂರರ ಮೇಲೂ ರಂಗನಾಥ ಬಂದು ಕಾಲು ಚಾಚಿ ಮಲಗಿದ. ದೇವರು ಮಲಗಿದ ಮೇಲೆ ಯಾರು ತಾನೇ ಎಬ್ಬಿಸುತ್ತಾರೆ? ರಂಗನತಿಟ್ಟಿನಲ್ಲಿ ದೇವರ ಬದಲು ಹಕ್ಕಿಗಳು ಮಲಗಿದವು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ ಹೊಳೆಗೆ ಅಡ್ಡಕಟ್ಟೆ ಕಟ್ಟಿದಾಗ ಎದ್ದ ತಿಟ್ಟುಗಳವು. ಸಲೀಂ ಅಲಿ ಬಂದು ನೋಡಿ ಮಹಾರಾಜರ ಕಿವಿಯ ಮೇಲೆ ಹಾಕಿದರು, 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಂದರೆ ನಮ್ಮ ನಾಡಿನಲ್ಲಿ ತಿಟ್ಟೊಂದು ಉಳಿಯಬೇಕಾದರೆ ಅದರ ಮೇಲೆ ದೇವರಿರಬೇಕು, ಇಲ್ಲವೇ ದೊಡ್ಡವರ ಕಣ್ಣಿಗೆ ಬೀಳುವಂಥ ಹಕ್ಕಿ ಇರಬೇಕು. ನಮ್ಮ ತಿಟ್ಟಿನ ಮೇಲಿದ್ದದ್ದು ಒಂದು ನೀರುಕಾಗೆ. ಹೆಸರಿನಲ್ಲೇ ಕಾಗೆ ಇಟ್ಟುಕೊಂಡು ರಾಮ್ಸಾರ್ ಪಟ್ಟಿ ಹತ್ತುವುದುಂಟೇ?

ಆದಿರಂಗಕ್ಕಿಂತ ಎಷ್ಟೋ ಮೇಲೆ, ಹೊಳೆ ಇನ್ನೂ ಹುಡುಗಿಯಾಗಿರುವಲ್ಲಿ ಇದ್ದದ್ದರಿಂದ ನಾನು ಅದನ್ನು ಅನಾದಿರಂಗ ಎಂದು ಕರೆಯುತ್ತೇನೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬಹುದು.

ಹಾಗೆಂದು ನಮ್ಮೂರಲ್ಲಿ ನಡುಗಡ್ಡೆಯೇ ಉಳಿದಿಲ್ಲ ಎನ್ನುವಂತಿಲ್ಲ. ಮಡಿಕೇರಿ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋದರೆ ಕಾವೇರಿ ನಿಸರ್ಗಧಾಮವಿದೆ. ಸುಮಾರು 64 ಎಕರೆ. 1989ರಲ್ಲಿ ಶುರುವಾದದ್ದು. ಅರಣ್ಯ ಇಲಾಖೆ ಅದಕ್ಕೊಂದು ತೂಗುಸೇತುವೆ ಹಾಕಿ, ಜಿಂಕೆ ಮೊಲ ಬಿಟ್ಟು, ಟಿಕೆಟ್ ಇಟ್ಟಿತು. ದೇವರಿಲ್ಲ, ಅಪರೂಪದ ಹಕ್ಕಿಯ ಹಂಗೂ ಇಲ್ಲ. ಟಿಕೆಟ್ ಕೌಂಟರ್ ಇದೆ. ತಿಟ್ಟು ಉಳಿಯುವುದಕ್ಕೆ ಇದು ಮೂರನೆಯ ದಾರಿ. ಮಳೆಗಾಲದಲ್ಲಿ ಹೊಳೆ ಏರಿದರೆ ಅಲ್ಲಿ ಸೇತುವೆಗೆ ಬೀಗ ಹಾಕುತ್ತಾರೆ. ಹೊಳೆಯ ನಡುವೆ ಇರುವ ಜಾಗ ಮುಳುಗುತ್ತದೆ ಎಂಬ ಸಾಮಾನ್ಯ ಜ್ಞಾನ ಆ 64 ಎಕರೆಗೆ ಅನ್ವಯಿಸುತ್ತದೆ. ಅದರ ಪಕ್ಕದ ದಡಕ್ಕೆ ಅನ್ವಯಿಸುವುದಿಲ್ಲ, ಯಾಕೆಂದರೆ ಅಲ್ಲಿ ಕನ್ವರ್ಷನ್ ಆಗಿದೆ.

ಚರಿತ್ರೆ ಬರೆಯುವಾಗ ಊರಿನ ಹೆಸರಿನಿಂದ ಶುರುಮಾಡುವುದು ಪದ್ಧತಿ. ಹೈದರ್ ಅಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತಂತೆ, ಖುಷಿಯಲ್ಲಿ ಖುಷಿಯಾಲ್ ನಗರ ಎಂದು ಹೆಸರಿಟ್ಟನಂತೆ. ಪ್ರವಾಸಿ ಪುಸ್ತಕಗಳೆಲ್ಲ ಹೇಳುವುದು ಇದನ್ನೇ. ತೊಂದರೆ ಇಷ್ಟೇ: ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು 1750ರ ಸುಮಾರಿಗೆ, ಹೈದರ್ ಕೊಡಗಿನ ಕಡೆ ದಂಡು ತಿರುಗಿಸಿದ್ದು 1760ರ ದಶಕದಲ್ಲಿ. ಸುದ್ದಿ ತಂದ ಸವಾರ ದಾರಿಯಲ್ಲಿ ಹತ್ತು ಹದಿನೈದು ವರ್ಷ ಎಲ್ಲೋ ಚಹಾ ಕುಡಿಯುತ್ತ ಕೂತಿರಬೇಕು. ಆಮೇಲೆ 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದರು. ಆ ಕೆಲಸ ಮಾಡಿಸಿದ ಕರ್ನಲ್ ಫ್ರೇಸರ್ ನೆನಪಿಗೆ ಊರು ಫ್ರೇಸರ್‌ಪೇಟೆಯಾಯಿತು. ಸ್ವಾತಂತ್ರ್ಯದ ಬಳಿಕ ಮತ್ತೆ ಕುಶಾಲ. ಇತ್ತೀಚೆಗೆ ನಾವು “ಕಾವೇರಿ ತಾಲ್ಲೂಕು” ಬೇಕೆಂದು ವರ್ಷಗಟ್ಟಲೆ ಹೋರಾಡಿದೆವು. 2019ರಲ್ಲಿ ಸರ್ಕಾರ ತಾಲ್ಲೂಕು ಕೊಟ್ಟಿತು, ಹೆಸರು ಮಾತ್ರ ಕುಶಾಲನಗರವೆಂದೇ ಉಳಿಯಿತು. ಆಗಸ್ಟ್ ಹೊತ್ತಿಗೆ ಕಾವೇರಿ ತಾನೇ ಬಂದು ಆ ತಪ್ಪನ್ನು ಎರಡು ದಿನದ ಮಟ್ಟಿಗೆ ತಿದ್ದಿ ಹೋದಳು.

ಹೆಸರು ಕೇಳಬೇಕಾದದ್ದು ಸುತ್ತಲಿನ ಹಳ್ಳಿಗಳನ್ನು. ಎರಡು ಹೊಳೆ ಕೂಡುವಲ್ಲಿ ಕೂಡಿಗೆ. ಹೊಸದಾಗಿ ಊರು ಕಟ್ಟುವಾಗ ಗುಡ್ಡೆ ಹುಡುಕಿಕೊಂಡು ಹೋದವರ ಊರು ಗುಡ್ಡೆಹೊಸೂರು. ಅವರ ಹತ್ತಿರ ಟೌನ್ ಪ್ಲಾನಿಂಗ್ ಇರಲಿಲ್ಲ, ಕಣ್ಣಿತ್ತು. ಹೊಳೆಬದಿಯ ತಗ್ಗನ್ನು ಅವರು ಗದ್ದೆಗೆ ಬಿಟ್ಟರು. ನಮ್ಮ ಬಡಾವಣೆಯ ಜಾಗದಲ್ಲಿ ಹಿಂದೆ ಉಳುಮೆ ಮಾಡಿದ್ದ ಅಜ್ಜನೊಬ್ಬ ಈಗಲೂ ದಿನಾ ಸಂಜೆ ದನ ಹೊಡೆದುಕೊಂಡು ಅದೇ ದಾರಿಯಲ್ಲಿ ಬರುತ್ತಾರೆ. ದನಗಳೂ ಅಭ್ಯಾಸಬಲದಿಂದ ನಮ್ಮ ಕ್ರೋಟನ್ ಗಿಡ ತಿನ್ನುತ್ತವೆ. ಒಮ್ಮೆ ಕೇಳಿದೆ:

“ಅಜ್ಜಾ, ನೀವ್ಯಾಕೆ ಇಲ್ಲೇ ಮನೆ ಕಟ್ಟಲಿಲ್ಲ? ಗದ್ದೆ ಹತ್ರವೇ ಇತ್ತಲ್ಲ.”

ಅಜ್ಜ ನನ್ನ ಗೇಟನ್ನೂ ಅದರ ಮೇಲಿನ ‘ಕಾವೇರಿ ನಿಲಯ’ ಎಂಬ ಹಿತ್ತಾಳೆ ಫಲಕವನ್ನೂ ನೋಡಿದರು. “ಮನೆಯಾ? ಗದ್ದೆ ಕಾಯೋಕೆ ಒಂದು ಗುಡ್ಲು ಹಾಕ್ತಿದ್ವಿ ಕಣಪ್ಪ. ಕಕ್ಕಡ ಬರೋಕ್ ಮುಂಚೆ ಅದನ್ನೂ ಬಿಚ್ಚಿ ಮೇಲಕ್ಕೆ ಹೊತ್ಕೊಂಡು ಹೋಗ್ತಿದ್ವಿ. ಹೊಳೆ ಬಂದು ಗೊಬ್ಬರ ಹಾಕಿ ಹೋಗ್ತಿತ್ತು. ಕೂಲಿ ಕೇಳ್ತಿರ್ಲಿಲ್ಲ.”

ಅಜ್ಜ ಗೊಬ್ಬರ ಎಂದದ್ದನ್ನೇ ಈಗ ನಾವು ಕೆಸರು ಎನ್ನುತ್ತೇವೆ. ಗದ್ದೆಗೆ ಬಂದರೆ ಮೆಕ್ಕಲು, ಸೋಫಾ ಮೇಲೆ ಕೂತರೆ ಹಾನಿ.

ಈ ಊರಿನ ಪ್ರವಾಹದಲ್ಲಿ ಇನ್ನೊಂದು ವಿಚಿತ್ರವಿದೆ. ಕುಶಾಲನಗರ ಕೊಡಗಿನ ಬಯಲು ಮಗ್ಗುಲು; ಭಾಗಮಂಡಲದಲ್ಲಿ ಆಕಾಶವೇ ಹರಿದು ಬೀಳುತ್ತಿರುವಾಗ ಇಲ್ಲಿ ತುಂತುರು. ಹಾಗಾಗಿ ನಮ್ಮಲ್ಲಿ ಹೊಳೆ ಮಳೆಯ ಜೊತೆ ಬರುವುದಿಲ್ಲ, ಒಬ್ಬಳೇ ಬರುತ್ತಾಳೆ. ಆಗಸ್ಟ್ 3ಕ್ಕೆ ಕೊಡವರ ಮಳೆತಿಂಗಳು ಕಕ್ಕಡದ ಹದಿನೆಂಟನೇ ದಿನ. ಮದ್ದುಸೊಪ್ಪಿನ ಪಾಯಸ ಉಂಡು ನಾಲ್ಕು ದಿನ ಕಳೆಯುವುದರೊಳಗೆ ಕೈ ತೊಳೆಯುವ ನೀರು ಹೊಸಿಲಿಗೇ ಬಂದಿರುತ್ತದೆ. 2018ರಲ್ಲಿ ಬಂದಳು. 2019ರಲ್ಲಿ ಬಂದಳು. 2020ರಲ್ಲೂ ಬಂದಳು. ಆ ವರ್ಷಗಳಲ್ಲಿ ಮೇಲೆ ಬೆಟ್ಟಗಳು ಕುಸಿದು ಜನರೇ ಮಣ್ಣಿನಡಿ ಹೋದರು. ಅವರ ಮುಂದೆ ನಮ್ಮ ಸೋಫಾದ ಗೋಳು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಬೀದಿಯಲ್ಲಿ ಎದೆಮಟ್ಟದ ನೀರು ನಿಂತದ್ದು ಸುಳ್ಳಲ್ಲ. ಮನುಷ್ಯ ಯಾವ ಮನೆಗೂ ಕಟ್ಟುಬೀಳದೆ ಅನಿಕೇತನನಾಗಬೇಕು ಎಂದ ಕವಿಯ ಹೆಸರನ್ನು ಬಡಾವಣೆಗೆ ಇಟ್ಟವರಿಗೆ ಕಾವೇರಿ ಅರ್ಥವಿವರಣೆ ಬರೆದು ಕೊಟ್ಟಳು. ದುಬಾರೆಯಲ್ಲಿ ದುಡ್ಡು ಕೊಟ್ಟು, ಹೆಲ್ಮೆಟ್ ಹಾಕಿ, ಕಿರಿಚುತ್ತ ಕೂರುವ ರ‍್ಯಾಫ್ಟು ನಮ್ಮ ಎರಡನೇ ಅಡ್ಡರಸ್ತೆಗೆ ಪುಕ್ಕಟೆಯಾಗಿ ಬಂತು. ಪಕ್ಕದ ಮನೆಯ ಫ್ರಿಜ್ಜು ಅಂಗಾತ ಮಲಗಿ, ಬಾಗಿಲು ತೆರೆದು, ಒಳಗೆ ಅರ್ಧ ಕುಂಬಳಕಾಯಿ ಇಟ್ಟುಕೊಂಡು ನಿಧಾನವಾಗಿ ಗೇಟಿನ ಕಡೆ ತೇಲುತ್ತಿತ್ತು. ಅದರ ಗಾಂಭೀರ್ಯ ನೋಡಿದರೆ ಕಂತು ತೀರಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ಅದೇ 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟಿತ್ತು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು, ಒಟ್ಟು 284.75. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 1990ರಲ್ಲಿ ನ್ಯಾಯಮಂಡಳಿ ಕೂತಂದಿನಿಂದ ಲೀಟರು ಲೀಟರಿಗೂ ಜಗಳ ಆಡಿದ್ದೇವೆ. ಆಗಸ್ಟಿನಲ್ಲಿ ನನ್ನ ಹಾಲ್‌ನಲ್ಲಿ ನಿಂತದ್ದು ನಾಲ್ಕು ಅಡಿ. ಘನ ಅಲ್ಲ, ಬರೀ ಅಡಿ. ಇದು 284.75ರ ಒಳಗಿನದೋ ಹೊರಗಿನದೋ, ತಮಿಳುನಾಡಿಗೆ ಇದರಲ್ಲಿ ಪಾಲು ಉಂಟೋ ಎಂದು ತೀರ್ಮಾನಿಸುವ ಮಂಡಳಿ ಇನ್ನೂ ರಚನೆಯಾಗಿಲ್ಲ. ಇದ್ದಿದ್ದರೆ ಅಷ್ಟನ್ನೂ ಬಿಳಿಗುಂಡ್ಲುವಿಗೆ ಆ ರಾತ್ರಿಯೇ ಬಿಟ್ಟುಕೊಡುತ್ತಿದ್ದೆ. ಬಂದ್ ಗಿಂದ್ ಏನೂ ಮಾಡುತ್ತಿರಲಿಲ್ಲ.

ನೀರು ಇಳಿದ ಮೇಲೆ ಚಹಾ ಅಂಗಡಿಯಲ್ಲಿ ತಪ್ಪಿತಸ್ಥರ ಹುಡುಕಾಟ. ಮೊದಲ ಆರೋಪಿ ಹಾರಂಗಿ. 1982ರ ಅಣೆಕಟ್ಟು, ಎಂಟೂವರೆ ಟಿಎಂಸಿ, ಗೇಟು ತೆಗೆದದ್ದು ಲೇಟು. ಹಾರಂಗಿ ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ, ನಮ್ಮೂರಿನಿಂದ ಕೆಳಗೆ; ಆ ನೀರು ಹಿಂದಕ್ಕೆ ಹತ್ತಿ ಬಂತೇ ಎಂದು ಯಾರಾದರೂ ಕೇಳಿದರೆ ಅವರಿಗೆ ಚಹಾ ಇಲ್ಲ. ಎರಡು ತುಂಬುಹೊಳೆ ಒಂದೇ ಬಾಗಿಲಲ್ಲಿ ನುಸುಳಬೇಕಾದಾಗ ಹಿಂದಿನವಳು ಕಾಯಬೇಕಾಗುತ್ತದೆ, ಅದು ನಿಜ. ಕಾಯುವುದಕ್ಕೆ ಜಗಲಿಯೆಂದು ಇದ್ದದ್ದೇ ಆ ಗದ್ದೆಗಳು. ಜಗಲಿಯನ್ನು 30–40ರ ತುಂಡು ಮಾಡಿ ಮಾರಿದ ಮೇಲೆ ಅವಳು ನೇರ ಒಳಮನೆಗೇ ಬಂದಳು.

ಮಹಜರಿಗೆ ಬಂದವರ ಕಾಗದದಲ್ಲಿ ‘ಹಾನಿಗೆ ಕಾರಣ’ ಎಂಬ ಕಡೆ ಬರೆದದ್ದು ಹೀಗೆ: ನದಿ ನೀರು ನುಗ್ಗಿದ್ದು. ಪೇಪರಿನಲ್ಲೂ ಅದೇ ಕ್ರಿಯಾಪದ. ಕಳ್ಳ ನುಗ್ಗುತ್ತಾನೆ, ಆನೆ ನುಗ್ಗುತ್ತದೆ, ಕಾವೇರಿ ನುಗ್ಗುತ್ತಾಳೆ. ಮೂವರಲ್ಲಿ ಇಬ್ಬರು ತಮ್ಮದೇ ಹಳೆಯ ದಾರಿಯಲ್ಲಿ ಹೋಗುತ್ತಿದ್ದವರು. ಇವಳ ಸ್ವಭಾವವೇನು ಕೊಡಗಿನವರಿಗೆ ಗೊತ್ತಿಲ್ಲದ್ದೇ? ಅಗಸ್ತ್ಯರಂಥ ಋಷಿ ಕಮಂಡಲದಲ್ಲಿಟ್ಟು ಮುಚ್ಚಿದಾಗಲೇ ನಿಲ್ಲದೆ ಹೊರಟವಳು. ಬಲಮುರಿಯಲ್ಲಿ ಅಡ್ಡ ನಿಂತ ಹೆಂಗಸರ ಸೀರೆಯ ನೆರಿಗೆಯನ್ನೇ ಹಿಂದಕ್ಕೆ ತಳ್ಳಿದವಳು; ಕೊಡವತಿಯರು ಇಂದಿಗೂ ನೆರಿಗೆ ಹಿಂದೆ ಉಡುವುದು ಅದಕ್ಕೇ ಎನ್ನುತ್ತಾರೆ. ಅಂಥವಳ ಎದುರು ನಾವು ಒಂಬತ್ತಿಂಚಿನ ಕಾಂಪೌಂಡ್ ಗೋಡೆ ಹಾಕಿ, ಮೇಲೆ ಗಾಜಿನ ಚೂರು ಚುಚ್ಚಿದ್ದೇವೆ.

ನೆರೆ ಬಂದವರಿಗೆ ಊಟ ಹಾಕುವ ಜಾಗಕ್ಕೆ ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದರು. ಈಗ ಕಾಳಜಿ ಕೇಂದ್ರ. ಉಪ್ಪಿಟ್ಟು ಅದೇ. 2019ರಲ್ಲಿ ತುರ್ತು ಪರಿಹಾರವೆಂದು ಮನೆಗೆ ಹತ್ತು ಸಾವಿರ ಕೊಟ್ಟರು, ಸಂತೋಷ. ಆ ದುಡ್ಡಿನಲ್ಲಿ ನಾನು ಮಾಡಿದ್ದೇನೆಂಬುದನ್ನು ಆಮೇಲೆ ಹೇಳುತ್ತೇನೆ.

ಎರಡನೇ ಆರೋಪಿ ಯಾರೆಂದರೆ ನಮ್ಮ ತಿಟ್ಟು. ಹೊಳೆಯ ನಡುವೆ ಮಣ್ಣು ಸೇರಿಕೊಂಡಿದೆ, ಮೆಳೆ ಬೆಳೆದಿದೆ, ಮರ ಬಿದ್ದಿದೆ, ನೀರು ಮುಂದಕ್ಕೆ ಹೋಗುತ್ತಿಲ್ಲ ಎಂದು ಸಭೆ ನಡೆಯಿತು. ನಾನೂ ಸಹಿ ಹಾಕಿದೆ. ಆ ಅರ್ಜಿಯ ಒಕ್ಕಣೆ ಇನ್ನೂ ನೆನಪಿದೆ: ಸದರಿ ದಿಬ್ಬವು ನದಿಯ ಜಾಗವನ್ನು ಆಕ್ರಮಿಸಿಕೊಂಡಿರುವುದರಿಂದ. ಹೊಳೆ ತಾನೇ ಹೊತ್ತು ತಂದ ಮರಳನ್ನು ತನ್ನದೇ ಪಾತ್ರದಲ್ಲಿ ಇಳಿಸಿ, ಅದರ ಮೇಲೆ ಹೊಳೆಮತ್ತಿ ಬೆಳೆಸಿಕೊಂಡದ್ದು ಒತ್ತುವರಿ. ಅದರ ದಡದಲ್ಲಿ ನಾವು ಪೋರ್ಟಿಕೋ ಇಳಿಸಿದ್ದು ಸ್ವಾಧೀನಾನುಭವ. ಹಿಟಾಚಿ ಬಂತು. ಹೂಳೆತ್ತುವ ಕೆಲಸವೆಂದರೆ ಊರಿನ ಗಂಡಸರಿಗೆಲ್ಲ ಜಾತ್ರೆ. ಸೇತುವೆಯ ಕಟಾಂಜನಕ್ಕೆ ಒರಗಿ ಇಡೀ ಮಧ್ಯಾಹ್ನ ನೋಡಿದೆವು. ಮೆಳೆ ಬುಡಸಮೇತ ಎದ್ದಿತು. ಬೇರಿನ ಹಿಡಿಯಲ್ಲಿ ಗುಂಡುಕಲ್ಲು, ಒಂದು ಹವಾಯಿ ಚಪ್ಪಲಿ, ಯಾರದೋ ಮನೆಯ ಕುಕ್ಕರ್ ಮುಚ್ಚಳ. ನೀರುಕಾಗೆ ಎರಡು ಸುತ್ತು ಹಾಕಿ ಕೊಪ್ಪದ ಕಡೆ, ಅಂದರೆ ಬೇರೆ ಜಿಲ್ಲೆಗೆ, ವರ್ಗ ಮಾಡಿಸಿಕೊಂಡು ಹೋಯಿತು. ಹುಣ್ಣಿಮೆಗೆ ಹೊಳೆಗೆ ಆರತಿ ಎತ್ತುವ ಊರಿದು. ಆ ಹುಣ್ಣಿಮೆಗೂ ಎತ್ತಿದರು. ಎಷ್ಟೋ ಚರಂಡಿಗಳ ಬಾಯಿಯೂ ಅದೇ ಹೊಳೆಗೆ ತೆರೆದಿದೆ. ಅವಳಿಗೆ ಕರ್ಪೂರ ಯಾವುದು, ಉಳಿದದ್ದು ಯಾವುದು ಎಂಬ ಭೇದವಿಲ್ಲವೆಂದು ನಂಬಿದ್ದೇವೆ.

ಹೀಗೆ ಅನಾದಿರಂಗದ ಚರಿತ್ರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ನೆರೆಯ ಮರುವರ್ಷ ನಮ್ಮ ಬೀದಿಯಲ್ಲಿ ಕಟ್ಟಿದ ಮೊದಲ ಮನೆ ಪಾಯವನ್ನು ಎರಡು ಅಡಿ ಎತ್ತರಿಸಿತು. ಅದರ ಪಕ್ಕದವರು ಮೂರು ಅಡಿ. ಆಮೇಲೆ ಬಂದವರು, ದುಬೈಯಲ್ಲಿ ಮಗ ಇರುವವರು, ಐದು ಅಡಿ ಏರಿಸಿ ಮೆಟ್ಟಿಲಿಗೆ ಗ್ರಾನೈಟ್ ಹಾಕಿಸಿದರು. ಅವರ ಬಾಗಿಲಿಗೆ ಬರದ ನೀರು ಎರಡು ಅಡಿಯವರ ಮನೆಗೆ ಹೋಯಿತು, ಎರಡು ಅಡಿಯವರು ತಳ್ಳಿದ ನೀರು ಏನೂ ಏರಿಸದ ನನ್ನ ಮನೆಗೆ ಬಂತು. ಪಾಯ ತುಂಬುವುದಕ್ಕೆ ಬೇಕಾದ ಮಣ್ಣು ಬಂದದ್ದು ಟಿಪ್ಪರಿನಲ್ಲಿ, ಎಲ್ಲೋ ಮೇಲೆ ಗುಡ್ಡ ಬಗೆದ ಜಾಗದಿಂದ. ಅಲ್ಲಿ ಗುಡ್ಡ ಕುಸಿಯದೇ ಇರಲಿ ಎಂದು ನಾವೆಲ್ಲ ಮನಸಾರೆ ಹಾರೈಸುತ್ತೇವೆ, ಫಿಲ್ಲಿಂಗ್ ಮುಗಿಯುವವರೆಗೆ.

ಈಗ ಮಹಡಿಯಿಂದ ನೋಡಿದರೆ ಗೊತ್ತಾಗುತ್ತದೆ. ತಿಟ್ಟು ಎಲ್ಲಿಗೂ ಹೋಗಿಲ್ಲ. ಹೊಳೆಯಿಂದ ಎತ್ತಿ ಬಡಾವಣೆಯಲ್ಲಿ ಹಂಚಿಕೊಂಡಿದ್ದೇವೆ, ಮನೆಗೊಂದು. ಸುತ್ತ ನೀರು, ನಡುವೆ ದಿಬ್ಬ, ದಿಬ್ಬದ ಮೇಲೆ ಮೆಳೆಯ ಬದಲು ವಾಟರ್ ಟ್ಯಾಂಕು. ಹೊಳೆಯ ತಿಟ್ಟಿಗಾದರೆ ಒಂದು ಮಳೆಗಾಲದಲ್ಲಿ ಕರಗಿ ಇನ್ನೊಂದರಲ್ಲಿ ಬೇರೆ ಕಡೆ ಏಳುವ ಸ್ವಾತಂತ್ರ್ಯವಿತ್ತು. ನಮ್ಮ ತಿಟ್ಟುಗಳ ಮೇಲೆ ಇಪ್ಪತ್ತು ವರ್ಷದ ಬ್ಯಾಂಕ್ ಸಾಲವಿದೆ. ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ವರ್ಷ ವರ್ಷವೂ ಕಚ್ಚುತ್ತಿರುವ ಮಜುಲಿ ದ್ವೀಪವನ್ನು 2016ರಲ್ಲಿ ಜಿಲ್ಲೆ ಮಾಡಿದರಂತೆ. ನಾವು ಇನ್ನೂ ಬರೀ ತಾಲ್ಲೂಕು. ಅರ್ಜಿ ತಯಾರಿದೆ.

ಹತ್ತು ಸಾವಿರದ ಲೆಕ್ಕ ಹೇಳುತ್ತೇನೆಂದಿದ್ದೆ. ನೀರು ಇಳಿದ ಮೇಲೆ ನನ್ನ ಹಾಲ್‌ನ ಗೋಡೆಯಲ್ಲಿ ಕಂದು ಬಣ್ಣದ ಗೆರೆಯೊಂದು ಉಳಿದಿತ್ತು. ನಾಲ್ಕೂ ಗೋಡೆಗೆ ಒಂದೇ ಮಟ್ಟದಲ್ಲಿ, ದಾರ ಹಿಡಿದು ಎಳೆದ ಹಾಗೆ, ಸ್ವಿಚ್‌ಬೋರ್ಡಿನಿಂದ ಒಂದು ಗೇಣು ಕೆಳಗೆ. ನಾನು ನೋಡಿದ ಸರ್ವೆಗಳಲ್ಲೇ ಅತ್ಯಂತ ನಿಖರವಾದ ಸರ್ವೆ. ಮೈಸೂರು–ಕುಶಾಲನಗರ ರೈಲಿನ ಸರ್ವೆಗಿಂತಲೂ. ದುಡ್ಡು ಆ ಗೆರೆಗೇ ಹೋಯಿತು. ಪ್ರತಿ ವರ್ಷ ಬಣ್ಣ ಬಳಿಸುತ್ತೇನೆ, ಮಳೆಗಾಲದ ತೇವಕ್ಕೆ ಅದು ಪುನಃ ಮೂಡುತ್ತದೆ.

ಈ ಮಾರ್ಚಿಯಲ್ಲಿ ಪೇಂಟರ್ ಹುಡುಗ ಬಂದಿದ್ದ. ಎರಡು ಕೋಟು ಹೊಡೆದು, ದೂರ ಸರಿದು, ತಲೆ ವಾಲಿಸಿ ನೋಡಿದ. “ಸಾರ್, ಸ್ವಲ್ಪ ಕಾಣ್ತಿದೆ. ಹಿಂಗೇ ಬಿಡ್ಲಾ?”

“ಬೇಡಪ್ಪ, ಇನ್ನೊಂದು ಕೋಟು ಹೊಡಿ” ಎಂದೆ. “ಭಾನುವಾರ ಬ್ರೋಕರ್ ಯಾರನ್ನೋ ಕರ್ಕೊಂಡ್ ಬರ್ತಿದಾನೆ.”